ಅರವತ್ತು ಯೂರೊ ದಂಡ, ಒಂದು ತಿಂಗಳ ನಡಿಗೆ

ಟ್ರಾಮಿನಲ್ಲಿ ನನ್ನ ಎದುರಿಗೆ ಕೂತಿದ್ದ ಮನುಷ್ಯ ಎದ್ದು ನಿಂತು ಜಾಕೆಟ್ ಜೇಬಿನಿಂದ ಗುರುತಿನ ಚೀಟಿ ತೆಗೆದಾಗ, ಏನೋ ಮಾರಲು ಬಂದವನಿರಬೇಕು ಅಂದುಕೊಂಡೆ. ಸಮವಸ್ತ್ರವಿಲ್ಲ, ಟೋಪಿಯಿಲ್ಲ, ಸಾದಾ ಜೀನ್ಸ್ ಪ್ಯಾಂಟು. ನನ್ನ ತೊಡೆಯ ಮೇಲೆ ಹತ್ತು ಯೂರೊ ಕೊಟ್ಟು ಕೊಂಡ ಹಳೆಯ ರೈಸ್ ಕುಕ್ಕರ್ ಇತ್ತು. ಅದನ್ನು ತರಲೆಂದೇ ಪಕ್ಕದ ಎಟ್ಲಿಂಗೆನ್ ಎಂಬ ಪುಟ್ಟ ಊರಿಗೆ ಹೋಗಿ ವಾಪಸ್ ಬರುತ್ತಿದ್ದೆ. ಟಿಕೆಟ್ ತೋರಿಸಿದೆ. ಅವನು ಅದನ್ನು ಎರಡು ಸಲ ತಿರುಗಿಸಿ ನೋಡಿ, ನಿಧಾನವಾದ ಇಂಗ್ಲಿಷಿನಲ್ಲಿ ಹೇಳಿದ: ಇದು ನಗರದೊಳಗಿನ ವಲಯದ ಟಿಕೆಟ್, ಎಟ್ಲಿಂಗೆನ್ ಬೇರೆ ವಲಯ, ಆದ್ದರಿಂದ 60 ಯೂರೊ ದಂಡ.

ಅರವತ್ತನ್ನು ನೂರರಿಂದ ಗುಣಿಸುವುದಕ್ಕೆ ಎಂಜಿನಿಯರಿಂಗ್ ಓದಬೇಕಾಗಿಲ್ಲ. ಆರು ಸಾವಿರ ರೂಪಾಯಿ. ಹುಬ್ಬಳ್ಳಿಯಲ್ಲಿ ನಮ್ಮ ಕಾಲೇಜಿನ ಹತ್ತಿರದ ಮೆಸ್ಸಿನಲ್ಲಿ ಎರಡು ತಿಂಗಳ ಊಟ. ಇಲ್ಲಿನ ನಿಲ್ದಾಣಗಳಲ್ಲಿ ಗೇಟ್ ಇರುವುದಿಲ್ಲ, ಕಂಡಕ್ಟರ್ ಇರುವುದಿಲ್ಲ. ನಂಬಿಕೆಯ ಮೇಲೆ ನಡೆಯುವ ವ್ಯವಸ್ಥೆ ಎಂದು ಬಂದ ದಿನವೇ ಬೆರಗಾಗಿದ್ದೆ. ನಂಬಿಕೆಯ ಜೊತೆ ಜೀನ್ಸ್ ಹಾಕಿದ ಮನುಷ್ಯನೂ ಇರುತ್ತಾನೆ ಎಂದು ಗೊತ್ತಾಗಿದ್ದು ಅವತ್ತು. ತಪ್ಪು ಪೂರ್ತಿ ನನ್ನದೇ. ವಲಯಗಳ ನಕ್ಷೆ ನಿಲ್ದಾಣದಲ್ಲೇ ಇತ್ತು, ನಾನು ಓದಿರಲಿಲ್ಲ.

ನಾನು ಬಿಇ ಮೂರನೇ ವರ್ಷದ ವಿದ್ಯಾರ್ಥಿ, ಎಲೆಕ್ಟ್ರಿಕಲ್ ಆ್ಯಂಡ್ ಎಲೆಕ್ಟ್ರಾನಿಕ್ಸ್. ವಿನಿಮಯ ಕಾರ್ಯಕ್ರಮದಲ್ಲಿ ಒಂದು ಸೆಮಿಸ್ಟರ್ ಓದಲು ಕಳೆದ ಅಕ್ಟೋಬರ್ ಮೊದಲ ವಾರ ಜರ್ಮನಿಯ ಕಾರ್ಲ್ಸ್‌ರೂಹ ನಗರಕ್ಕೆ ಬಂದೆ. ವಿನಿಮಯ ವಿದ್ಯಾರ್ಥಿಗಳಿಗೆ ಇಲ್ಲಿ ಬೋಧನಾ ಶುಲ್ಕವಿಲ್ಲ. ಆದರೆ ವೀಸಾ ಬೇಕಾದರೆ ತಿಂಗಳಿಗೆ 992 ಯೂರೊ ಲೆಕ್ಕದಲ್ಲಿ ಖರ್ಚಿನ ಹಣವನ್ನು ಮೊದಲೇ ‘ಬ್ಲಾಕ್ಡ್ ಅಕೌಂಟ್’ನಲ್ಲಿ ಇಟ್ಟು ತೋರಿಸಬೇಕು. ಹಣ ನಮ್ಮದೇ, ಆದರೆ ತಿಂಗಳಿಗೆ ಇಷ್ಟೇ ಎಂದು ಕೈಗೆ ಬರುತ್ತದೆ. ಆರು ತಿಂಗಳ ಆ ಮೊತ್ತಕ್ಕಾಗಿ ಅಪ್ಪ ಸೊಸೈಟಿಯಲ್ಲಿ ಸಾಲ ತೆಗೆದಿದ್ದರು. ಕೋಣೆಯ ಬಾಡಿಗೆ, ಆರೋಗ್ಯ ವಿಮೆ ಕಳೆದರೆ ಉಳಿಯುವುದರಲ್ಲಿ ಅರವತ್ತು ಯೂರೊ ಅಂದರೆ ಸಣ್ಣ ಮಾತಲ್ಲ.

ನಿಜ ಹೇಳಬೇಕೆಂದರೆ, ದಂಡಕ್ಕಿಂತ ಮುಂಚೆಯೇ ನಾನು ಅರ್ಧ ಸೋತಿದ್ದೆ. ಬಂದ ಮೂರು ವಾರದಲ್ಲಿ ನೋಡಿದ್ದು ಮೂರೇ ಜಾಗ: ಕೋಣೆ, ಕ್ಲಾಸು, ಸೂಪರ್ ಮಾರ್ಕೆಟ್. ಮೊದಲ ಭಾನುವಾರ ಅಕ್ಕಿ ತರಲು ಹೊರಟರೆ ಇಡೀ ಬೀದಿಗೆ ಬೀಗ. ಭಾನುವಾರ ಇಲ್ಲಿ ಅಂಗಡಿ ತೆರೆಯುವುದಿಲ್ಲ ಎಂದು ಯಾರಾದರೂ ಹೇಳಿದ್ದರೇನೋ, ನನ್ನ ತಲೆಗೆ ಹೋಗಿರಲಿಲ್ಲ. ಅವತ್ತು ಅವ್ವ ಕಟ್ಟಿಕೊಟ್ಟಿದ್ದ ಶೇಂಗಾ ಚಟ್ನಿ ಪುಡಿಯ ಜೊತೆ ಬ್ರೆಡ್ ತಿಂದೆ. ಕೋಣೆ ಹಿಡಿದ ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆ ಮಾಲೀಕರ ಪತ್ರ ಬೇಕು, ಅದಾದ ಮೇಲೆ ಬ್ಯಾಂಕ್ ಖಾತೆ, ಬ್ಯಾಂಕ್ ಖಾತೆಯಾದ ಮೇಲೆ ವಿದ್ಯಾರ್ಥಿಗಳ ರಿಯಾಯಿತಿ ಪಾಸು. ಈ ಸರಪಳಿಯ ನಡುವಿನ ಕೊಂಡಿಯಲ್ಲಿ ನಾನು ಸಿಕ್ಕಿಕೊಂಡಿದ್ದೆ. ವಿದೇಶಕ್ಕೆ ಹೋದವರ ರೀಲ್ಸ್‌ನಲ್ಲಿ ಮಂಜು, ಕೋಟೆ, ಕಾಫಿ ಕಪ್ಪು ಇರುತ್ತವೆ. ಸರದಿಯಲ್ಲಿ ಫೈಲು ಹಿಡಿದು ಕೂತವನ ರೀಲ್ ಯಾರೂ ಹಾಕುವುದಿಲ್ಲ.

ಅಕ್ಟೋಬರ್ ಕೊನೆಯ ಭಾನುವಾರ ಇನ್ನೊಂದಾಯಿತು. ನಾನು ದಿನಾ ಸಂಜೆ ಐದಕ್ಕೆ ಮನೆಗೆ ಫೋನ್ ಮಾಡುತ್ತಿದ್ದೆ, ಆಗ ಹುಬ್ಬಳ್ಳಿಯಲ್ಲಿ ಎಂಟೂವರೆ. ಆ ಭಾನುವಾರ ಬೆಳಗಿನ ಜಾವ ಯುರೋಪಿನ ಗಡಿಯಾರಗಳು ಒಂದು ಗಂಟೆ ಹಿಂದಕ್ಕೆ ಹೋಗುತ್ತವೆ. ನನ್ನ ಫೋನು ತಾನೇ ಸರಿ ಮಾಡಿಕೊಂಡಿತು, ನನಗೆ ತಿಳಿಸಲಿಲ್ಲ. ಐದಕ್ಕೆ ಕರೆ ಮಾಡಿದರೆ ಅಲ್ಲಿ ಒಂಬತ್ತೂವರೆ. ‘ಒಂದ್ ತಾಸಿಂದ ಫೋನ್ ಹಿಡ್ಕೊಂಡು ಕುಂತೇನಿ. ಆರಾಮ ಅದೀ ಇಲ್ಲೋ?’ ಎಂದರು ಅವ್ವ. ಕಿಟಕಿಯಾಚೆ ಆಗಲೇ ಕತ್ತಲಾಗುತ್ತಿತ್ತು. ‘ಆರಾಮ ಅದೇನಿ’ ಎಂದೆ. ಆ ರಾತ್ರಿ ವಾಪಸ್ ಟಿಕೆಟ್ಟಿನ ದರ ಹುಡುಕಿದೆ. ಎರಡು ದಿನದ ಮೇಲೆ ರೈಸ್ ಕುಕ್ಕರ್ ತರಲು ಹೋಗಿ ಸಿಕ್ಕಿಬಿದ್ದೆ.

ಮನೆಯಲ್ಲಿ ಹೇಳಲಿಲ್ಲ. ಅದರ ಬದಲು ಒಂದು ಲೆಕ್ಕ ಹಾಕಿದೆ. ಒಂದು ಸಲ ಟ್ರಾಮ್ ಹತ್ತಿದರೆ ಎರಡು ಯೂರೊಗಿಂತ ಹೆಚ್ಚು. ಆ ಅರವತ್ತು ವಸೂಲಾಗುವ ತನಕ ಟ್ರಾಮ್ ಹತ್ತಬಾರದು. ಕೋಣೆಯಿಂದ ಕ್ಲಾಸಿಗೆ ನಾಲ್ಕು ಕಿಲೋಮೀಟರಿನ ಆಸುಪಾಸು, ಹೋಗಿ ಬಂದರೆ ಎಂಟು. ಹುಬ್ಬಳ್ಳಿಯಲ್ಲಿ ಮನೆಯ ಹಿಂದಿನ ಕಿರಾಣಿ ಅಂಗಡಿಗೂ ಸ್ಕೂಟಿ ತೆಗೆಯುತ್ತಿದ್ದ ನಾನು ನವೆಂಬರ್ ಚಳಿಯಲ್ಲಿ ನಡೆಯಲು ಶುರು ಮಾಡಿದೆ.

ನಾನಿರುವುದು ಡುರ್ಲಾಖ್ ಎಂಬ ಭಾಗದಲ್ಲಿ. ಅದು ಕಾರ್ಲ್ಸ್‌ರೂಹಗಿಂತ ಹಳೆಯ ಊರು, 1938ರಲ್ಲಿ ನಗರಕ್ಕೆ ಸೇರಿಸಿಕೊಂಡರು. ಅಲ್ಲಿನವರನ್ನು ಕಾರ್ಲ್ಸ್‌ರೂಹದವರು ಅಂದರೆ ಮುಖ ಬೇರೆಯಾಗುತ್ತದೆ. ಧಾರವಾಡದವರನ್ನು ಹುಬ್ಬಳ್ಳಿಯವರೆಂದು ಕರೆದು ನೋಡಿ, ಅರ್ಥವಾಗುತ್ತದೆ. ಅಲ್ಲಿಂದ ನಗರದ ಕಡೆಗೆ ಒಂದೇ ನೇರ ರಸ್ತೆ. ಮೊದಲ ವಾರ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ನೆಲ ನೋಡುತ್ತಾ ನಡೆದೆ. ಚಳಿಗೆ ಕೈ ಹೊರತೆಗೆದು ಹಾಡು ಬದಲಿಸುವುದೇ ಕಷ್ಟವಾದಾಗ ಇಯರ್‌ಫೋನ್ ಬಿಟ್ಟೆ. ಆಮೇಲೆ ಕಣ್ಣಿಗೆ ಒಂದೊಂದೇ ಬೀಳತೊಡಗಿತು. ದಾರಿಯಲ್ಲಿ ಒಂದು ಹಳೆಯ ಕಸಾಯಿಖಾನೆಯಿದೆ. ಈಗ ಅಲ್ಲಿ ಪ್ರಾಣಿಗಳಿಲ್ಲ. ಕಲಾವಿದರ ಸ್ಟುಡಿಯೊಗಳು, ಸಣ್ಣ ಕಂಪನಿಗಳು, ಸಂಗೀತ ಕಛೇರಿ ನಡೆಯುವ ಹಾಲ್ ಇವೆ. ಸ್ವಲ್ಪ ಮುಂದೆ ಗೋಟೆಸೌ ಅರಮನೆ, ಈಗ ಸಂಗೀತ ಕಾಲೇಜು. ದಿನಾ ಎದುರಾಗುವ ಬೇಕರಿಯಾತ ಹತ್ತನೇ ದಿನಕ್ಕೆ ಗಾಜಿನ ಹಿಂದಿನಿಂದ ತಲೆಯಾಡಿಸಿದ. ಈ ದೇಶದಲ್ಲಿ ನನ್ನನ್ನು ಗುರುತು ಹಿಡಿದ ಮೊದಲ ಅಪರಿಚಿತ ಅವನೇ.

ಒಮ್ಮೆ ಬೆಳಿಗ್ಗೆ ಒಂದೂ ವಾಹನವಿಲ್ಲದ ರಸ್ತೆಯಲ್ಲಿ ಕೆಂಪು ದೀಪವಿದ್ದಾಗಲೇ ದಾಟಿಬಿಟ್ಟೆ. ಹಿಂದಿನಿಂದ ಒಬ್ಬ ಅಜ್ಜಿ ಗಟ್ಟಿಯಾಗಿ ಏನೋ ಅಂದರು. ‘ಕಿಂಡರ್’ ಎಂಬ ಒಂದು ಪದ ಮಾತ್ರ ಹಿಡಿಯಿತು: ಮಕ್ಕಳು. ತಿರುಗಿ ನೋಡಿದರೆ ಶಾಲೆಯ ಬ್ಯಾಗ್ ಹೊತ್ತ ಒಬ್ಬ ಪುಟ್ಟ ಹುಡುಗ ನನ್ನನ್ನೇ ನೋಡುತ್ತಾ ನಿಂತಿದ್ದ. ನಾನು ಮಾಡಿದ್ದನ್ನು ಅವನೂ ಮಾಡಿದರೆ? ಆಮೇಲೆ ಇವತ್ತಿನವರೆಗೂ ದಾಟಿಲ್ಲ.

ಮೂರನೇ ಶನಿವಾರ ಕ್ಲಾಸಿನ ಹತ್ತಿರ ನಿಲ್ಲದೆ ಮುಂದಕ್ಕೆ, ಅರಮನೆಯ ತನಕ ನಡೆದೆ. ಅವತ್ತು ಈ ನಗರ ತಲೆಯೊಳಗೆ ಕೂತಿತು. 1715ರಲ್ಲಿ ಕಾರ್ಲ್ ವಿಲ್ಹೆಲ್ಮ್ ಎಂಬ ದೊರೆ, ಡುರ್ಲಾಖ್‌ನಲ್ಲಿದ್ದ ತನ್ನ ರಾಜಧಾನಿ ಬಿಟ್ಟು ಕಾಡಿನ ನಡುವೆ ಒಂದು ಗೋಪುರ ಕಟ್ಟಿಸಿ, ಅದರಿಂದ ಸುತ್ತಲೂ 32 ದಾರಿಗಳನ್ನು ಎಳೆಸಿದ. ಬೇಟೆಗೆ ಹೋಗಿ ಮರದಡಿ ಮಲಗಿದ್ದಾಗ ಕನಸಿನಲ್ಲಿ ಕಂಡ ನಗರ ಇದು ಎಂದು ಕತೆ; ಊರಿನ ಹೆಸರಿನ ಅರ್ಥವೇ ‘ಕಾರ್ಲನ ವಿಶ್ರಾಂತಿ’. ದಕ್ಷಿಣಕ್ಕೆ ಹೋಗುವ ಒಂಬತ್ತು ದಾರಿಗಳ ಮೇಲೆ ಊರು ಬೆಳೆಯಿತು, ಉಳಿದವು ಹೆಚ್ಚಾಗಿ ಕಾಡಿನೊಳಕ್ಕೇ ಹೋಗುತ್ತವೆ. ನಕ್ಷೆಯಲ್ಲಿ ನೋಡಿದರೆ ಬಿಚ್ಚಿದ ಬೀಸಣಿಗೆ. ಆ ಒಂಬತ್ತರಲ್ಲಿ ಯಾವ ಬೀದಿಯಲ್ಲಿ ನಿಂತು ಉತ್ತರಕ್ಕೆ ನೋಡಿದರೂ ಕೊನೆಯಲ್ಲಿ ಅರಮನೆಯ ಗೋಪುರ. ಹುಬ್ಬಳ್ಳಿಯಲ್ಲಿ ನಾವು ಯಾವ ವಿಳಾಸವನ್ನಾದರೂ ಚನ್ನಮ್ಮ ಸರ್ಕಲ್ಲಿನಿಂದ ಹೇಳಲು ಶುರು ಮಾಡುವುದಿಲ್ಲವೇ, ಹಾಗೆ. ಮೂರು ವಾರದಿಂದ ಫೋನಿನ ನೀಲಿ ಚುಕ್ಕೆ ನೋಡಿಕೊಂಡು ಅಲೆಯುತ್ತಿದ್ದೆ, ತಲೆಯೆತ್ತಿದ್ದರೆ ಸಾಕಿತ್ತು. ದೊರೆಯ ಸಮಾಧಿ ಮಾರುಕಟ್ಟೆ ಚೌಕದ ನಡುವೆ ಒಂದು ಪಿರಮಿಡ್ಡಿನ ಕೆಳಗಿದೆ. ಅದರ ಪಕ್ಕದಲ್ಲೇ ಜನ ಆರಾಮಾಗಿ ಐಸ್‌ಕ್ರೀಂ ತಿನ್ನುತ್ತಾರೆ.

ವಿಶ್ವವಿದ್ಯಾಲಯದ ಆವರಣದಲ್ಲಿ ಇನ್ನೊಬ್ಬರು ಸಿಕ್ಕರು. ಹೈನ್ರಿಕ್ ಹರ್ಟ್ಸ್ ಅವರ ಪುತ್ಥಳಿ. ನಮ್ಮ ಮನೆಯ ಕರೆಂಟ್ ಮೀಟರಿನ ಮೇಲೆ, ಮಿಕ್ಸರಿನ ತಳದಲ್ಲಿ ‘50 ಹರ್ಟ್ಸ್’ ಎಂದು ಇರುತ್ತದಲ್ಲ, ಅದೇ ಹರ್ಟ್ಸ್. 1880ರ ದಶಕದ ಕೊನೆಯಲ್ಲಿ ವಿದ್ಯುತ್ಕಾಂತೀಯ ಅಲೆಗಳಿವೆ ಎಂದು ಪ್ರಯೋಗದಿಂದ ತೋರಿಸಿದ್ದು ಇಲ್ಲೇ. ನಾಲ್ಕು ಸೆಮಿಸ್ಟರ್ ಆ ಹೆಸರನ್ನು ಬರೆದು ಬರೆದು ಪಾಸಾಗಿದ್ದೇನೆ, ಅದೊಬ್ಬ ಮನುಷ್ಯನ ಹೆಸರು ಎಂದು ಅನಿಸಿದ್ದು ಆ ಪುತ್ಥಳಿಯ ಮುಂದೆ ಮೂಗು ಸೋರುತ್ತಾ ನಿಂತಾಗ.

ದಂಡದ ಕುಕ್ಕರ್ ಮಾತ್ರ ಸುಮ್ಮನಿರಲಿಲ್ಲ. ಎಪ್ಪತ್ತು ಯೂರೊ ಬಿದ್ದ ಆ ವಸ್ತುವನ್ನು ನಾನೊಬ್ಬನೇ ಬಳಸುವುದು ಅನ್ಯಾಯ ಎಂದು ಅಡುಗೆಮನೆಯಲ್ಲೇ ಇಟ್ಟೆ. ನಮ್ಮ ಹಂಚಿಕೆಯ ಮನೆಯಲ್ಲಿ ಟುನೀಸಿಯದ ಒಬ್ಬ ಹುಡುಗ, ಇಬ್ಬರು ಜರ್ಮನರು. ಮೊದಲು ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಿದ ದಿನ ಹೊಗೆ ಅಲಾರಂ ಕೂಗಿ ಎಲ್ಲರೂ ಕೆಮ್ಮುತ್ತಾ ಓಡಿಬಂದಿದ್ದರು. ಹೆಸರು ಕೇಳಿಕೊಂಡಿದ್ದೇ ಅವತ್ತು. ಡಿಸೆಂಬರ್ ಹೊತ್ತಿಗೆ ಗುರುವಾರ ರಾತ್ರಿ ನಾನು ಅನ್ನ, ತೊಗರಿ ಬೇಳೆ ಸಾರು ಮಾಡುವುದು, ಟುನೀಸಿಯದವನು ಖಾರದ ಹರಿಸ್ಸಾ ತರುವುದು ಎಂದಾಯಿತು. ಖಾರ ತಿನ್ನುವವರಿಬ್ಬರೂ ಒಂದು ಪಕ್ಷ.

ಅಷ್ಟರಲ್ಲಿ ಪಾಸು ಬಂತು. ಲೆಕ್ಕದ ಪ್ರಕಾರ ಅರವತ್ತು ಯೂರೊ ಎಂದೋ ವಸೂಲಾಗಿತ್ತು. ಟ್ರಾಮನ್ನೂ ಈಗ ಬೇರೆ ಕಣ್ಣಿನಿಂದ ನೋಡಿದೆ. ಎಲೆಕ್ಟ್ರಿಕಲ್ ಓದುವವರಿಗೆ ಈ ಊರು ಒಂದು ಪಾಠಶಾಲೆ. ನಗರದೊಳಗೆ ಟ್ರಾಮ್ ಓಡುವುದು 750 ವೋಲ್ಟ್ ಡಿಸಿಯಲ್ಲಿ. ಜರ್ಮನಿಯ ರೈಲು ಮಾರ್ಗದಲ್ಲಿರುವುದು 15,000 ವೋಲ್ಟ್ ಎಸಿ, ಅದೂ 50 ಅಲ್ಲ, 16.7 ಹರ್ಟ್ಸ್. ಎರಡರಲ್ಲೂ ಓಡಬಲ್ಲ ಗಾಡಿ ಮಾಡಿ, ಬೀದಿಯಲ್ಲಿ ಟ್ರಾಮ್ ಆಗಿರುವುದನ್ನೇ ಊರಾಚೆ ರೈಲಾಗಿಸಿ, 1992ರಲ್ಲಿ ಬ್ರೆಟೆನ್ ಎಂಬ ಊರಿಗೆ ಬಿಟ್ಟರು. ಹಳ್ಳಿಯಲ್ಲಿ ಹತ್ತಿದವರು ನಡುವೆ ಇಳಿದು ಗಾಡಿ ಬದಲಿಸದೆ ನಗರದ ಪೇಟೆಯಲ್ಲೇ ಇಳಿಯಬಹುದು. ಜಗತ್ತಿನ ಬೇರೆ ನಗರಗಳೂ ಇದನ್ನು ನೋಡಿ ಕಲಿತವು, ‘ಕಾರ್ಲ್ಸ್‌ರೂಹ ಮಾದರಿ’ ಎಂದೇ ಹೆಸರು. ಎರಡು ವಿದ್ಯುತ್ ವ್ಯವಸ್ಥೆಗಳು ಕೂಡುವ ಕಡೆ ಸ್ವಲ್ಪ ದೂರ ತಂತಿಯಲ್ಲಿ ಕರೆಂಟೇ ಇರುವುದಿಲ್ಲ. ಗಾಡಿ ಬಂದ ವೇಗದಲ್ಲೇ ಆ ಜಾಗ ದಾಟುತ್ತದೆ. ಜಗತ್ತಿನ ಅತಿ ಉದ್ದದ ರೈಲ್ವೆ ಪ್ಲಾಟ್‌ಫಾರಂ ಇರುವ ಊರಿನವನು ನಾನು, ಸುಲಭಕ್ಕೆ ಬೆರಗಾಗಬಾರದು ಅಂದುಕೊಂಡಿದ್ದೆ. ಆಗಲಿಲ್ಲ.

ಪಾಸು ಬಂದ ಮೇಲೆ ಮೊದಲು ಹೋಗಿದ್ದು ಟ್ಯೂಬಿಂಗೆನ್‌ಗೆ. ನೆಕಾರ್ ನದಿಯ ದಡದ ಹಳೆಯ ವಿಶ್ವವಿದ್ಯಾಲಯದ ಊರು. ಕನ್ನಡ–ಇಂಗ್ಲಿಷ್ ನಿಘಂಟು ಮಾಡಿದ ಫರ್ಡಿನೆಂಡ್ ಕಿಟೆಲ್ 1903ರಲ್ಲಿ ತೀರಿಕೊಂಡಿದ್ದು ಅಲ್ಲೇ. ಧಾರವಾಡದ ಕಿಟೆಲ್ ಕಾಲೇಜಿನ ಮುಂದೆ ನೂರು ಸಲ ಓಡಾಡಿದ್ದರೂ ಆ ಮನುಷ್ಯ ನಮ್ಮ ಕಡೆಗೆ ಬಂದಾಗ ಎಷ್ಟು ವಯಸ್ಸಾಗಿತ್ತು ಎಂದು ಯೋಚಿಸಿರಲಿಲ್ಲ. 1832ರಲ್ಲಿ ಹುಟ್ಟಿದವರು, ಬಂದಿದ್ದು 1853ರಲ್ಲಿ. ನನಗಿಂತ ಒಂದೇ ವರ್ಷ ದೊಡ್ಡವರು. ವಿಡಿಯೊ ಕಾಲ್ ಇಲ್ಲ. 1894ರಲ್ಲಿ ಅವರ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. ನದಿಯ ಸೇತುವೆಯ ಮೇಲೆ ನಿಂತು, ಅವರೂ ಮೊದಲ ಮೂರು ವಾರ ಕೋಣೆ ಬಿಟ್ಟು ಹೊರಗೆ ಬಂದಿರಲಿಕ್ಕಿಲ್ಲ ಎಂದು ಸುಮ್ಮನೆ ಊಹಿಸಿಕೊಂಡೆ. ಸ್ವಲ್ಪ ಸಮಾಧಾನವಾಯಿತು.

ಈಗ ಫೆಬ್ರುವರಿ. ಪರೀಕ್ಷೆಗಳು ಹತ್ತಿರ ಬಂದಿವೆ, ಮಾರ್ಚ್ ಕೊನೆಗೆ ವಾಪಸ್. ಹೋದ ವಾರ ಅಪ್ಪನಿಗೆ ಖರ್ಚಿನ ಲೆಕ್ಕ ಕಳಿಸಬೇಕಿತ್ತು. ಎಲ್ಲ ಬರೆದೆ, ಅಕ್ಟೋಬರ್ ತಿಂಗಳಲ್ಲಿ ಅರವತ್ತು ಯೂರೊ ತಾಳೆಯಾಗಲಿಲ್ಲ. ‘ಇತರೆ’ ಎಂದು ಬರೆದು ಅಳಿಸಿದೆ. ಕೊನೆಗೆ ಫೋನ್ ಮಾಡಿ ಕುಕ್ಕರಿನಿಂದ ಹಿಡಿದು ಎಲ್ಲವನ್ನೂ ಹೇಳಿಬಿಟ್ಟೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

‘ಅಷ್ಟ ರೊಕ್ಕದ ಸಲುವಾಗಿ ತಿಂಗಳಗಟ್ಟಲೆ ನಡದೀ?’

‘ಹೌದ್ರಿ ಅಪ್ಪಾ.’

‘ಬೂಟ್ ಸವದಾವೇನು?’

ನೋಡಿದೆ. ಎರಡರ ಹಿಮ್ಮಡಿಯೂ ಒಂದೇ ಕಡೆ ಸವೆದಿತ್ತು. ‘ಸವದಾವ’ ಎಂದೆ.

‘ಹಂಗಾರ ಹೊಸಾವು ತಗೋ. ಅದನ್ನೂ ದಂಡದ ಲೆಕ್ಕದಾಗ ಹಾಕಬ್ಯಾಡ ಮತ್ತ.’

ಶನಿವಾರ ಬೂಟು ತರಲು ಪೇಟೆಗೆ ಹೋದೆ. ಜೇಬಿನಲ್ಲಿ ಪಾಸಿತ್ತು. ನಡೆದೇ ಹೋದೆ.