ಮೆಡಿಕಲ್ ಸೀಟು: ಕೋಚಿಂಗ್‌ಗೂ ಮೊದಲು ಚೆನ್ನೈ ಕನ್ನಡಿಗರು ನೋಡಬೇಕಾದ ಲೆಕ್ಕ

ಓಎಂಆರ್ ಕಡೆ ಇರೋ ನಮ್ಮ ಐಟಿ ಮನೆಗಳಲ್ಲಿ ಮಗುಗೆ ಡಾಕ್ಟರ್ ಆಗೋ ಆಸೆ ಅಂತ ಗೊತ್ತಾದ ತಕ್ಷಣ ಏಳೋ ಪ್ರಶ್ನೆ, ಯಾವ ಕೋಚಿಂಗ್ ಒಳ್ಳೇದು? ಅದಕ್ಕೂ ಮೊದಲು ಕೇಳಬೇಕಾದ್ದು, ನಮ್ಮ ಮಗು ಯಾವ ರಾಜ್ಯದ ಲಿಸ್ಟಲ್ಲಿ ಬರುತ್ತೆ?

ಅಮೆರಿಕದಲ್ಲಿ ಮೊದಲು ನಾಲ್ಕು ವರ್ಷದ ಡಿಗ್ರಿ, ಆಮೇಲೆ ಮೆಡಿಕಲ್. ನಮ್ಮಲ್ಲಿ 11, 12ನೇ ಕ್ಲಾಸಿನ ಜೊತೆಗೇ ನೀಟ್ ತಯಾರಿ. 720 ಅಂಕ, ಅದರಲ್ಲಿ ಅರ್ಧ ಬಯಾಲಜಿ. ಪರೀಕ್ಷೆ ದೇಶಕ್ಕೆಲ್ಲ ಒಂದೇ, ಸೀಟು ಹಂಚೋ ರೀತಿ ಒಂದೇ ಅಲ್ಲ. ರಾಜ್ಯ ಸರ್ಕಾರಿ ಕಾಲೇಜುಗಳ 15% ಸೀಟು ಅಖಿಲ ಭಾರತ ಕೋಟಾಕ್ಕೆ, 85% ಆಯಾ ರಾಜ್ಯಕ್ಕೆ.

ತಮಿಳುನಾಡಲ್ಲಿ ಹೊರರಾಜ್ಯದವರ ಮಕ್ಕಳು 6ರಿಂದ 12ರವರೆಗೆ ಇಲ್ಲೇ ಓದಿದ್ರೆ ರಾಜ್ಯದ ಸೀಟಿಗೆ ಅರ್ಜಿ ಹಾಕಬಹುದು. ಆದ್ರೆ ಓಪನ್ ಕೆಟಗರಿಯಲ್ಲಿ ಮಾತ್ರ. ಇಲ್ಲಿ ಮೀಸಲಾತಿ 69%, ಹಾಗಾಗಿ ನಮಗೆ ಉಳಿಯೋದು 31%, ಅದಕ್ಕೂ ಎಲ್ಲರ ಜೊತೆ ಪೈಪೋಟಿ.

ಕರ್ನಾಟಕದಲ್ಲಿ ಮುಖ್ಯವಾಗಿ ಎರಡು ದಾರಿ. ಒಂದು, ಮಗು ಒಟ್ಟು 7 ವರ್ಷ ಅಲ್ಲಿ ಓದಿ, ಎಸ್ಸೆಸ್ಸೆಲ್ಸಿ ಅಥವಾ ದ್ವಿತೀಯ ಪಿಯುಸಿ ಅಲ್ಲೇ ಪಾಸಾಗಿರಬೇಕು. ಎರಡು, ಮಗು 11, 12 ಅಲ್ಲಿ ಓದಿ, ಅಪ್ಪ ಅಥವಾ ಅಮ್ಮ ಕರ್ನಾಟಕದಲ್ಲಿ ಕನಿಷ್ಠ 7 ವರ್ಷ ಓದಿರಬೇಕು. ನಮ್ಮಲ್ಲಿ ಹೆಚ್ಚಿನವರಿಗೆ ಹೊಂದೋದು ಈ ಎರಡನೇದು. ಹೊರನಾಡು, ಗಡಿನಾಡು ಕನ್ನಡಿಗರಿಗೂ ಬೇರೆ ಕಲಂಗಳಿವೆ, ಅದಕ್ಕೆ ಕನ್ನಡ ಭಾಷಾ ಪರೀಕ್ಷೆ ಇರುತ್ತೆ. ಮನೇಲಿ ಮಕ್ಕಳಿಗೆ ಕನ್ನಡ ಓದು ಬರಹ ಕಲಿಸೋಕೆ ಇದೂ ಒಂದು ಕಾರಣ.

ಎಡವಟ್ಟಾಗೋದು ಎಲ್ಲಿ ಗೊತ್ತಾ? ಚೆನ್ನೈನಲ್ಲಿ 10 ಮುಗಿಸಿದ ಮಗೂನ ಒಳ್ಳೇ ಕೋಚಿಂಗ್ ಅಂತ ಹೈದರಾಬಾದಿನ ರೆಸಿಡೆನ್ಶಿಯಲ್ ಕಾಲೇಜಿಗೆ ಸೇರಿಸಿದಾಗ. ತಮಿಳುನಾಡಿನ 6–12 ಕೊಂಡಿ ಕಳಚಿತು, ಕರ್ನಾಟಕದ 11–12 ಕೂಡ ಇಲ್ಲ. ಆಗ ಉಳಿಯೋದು ಆ 15%, ಏಮ್ಸ್, ಜಿಪ್ಮರ್ ಥರದ ಕೇಂದ್ರ ಸಂಸ್ಥೆಗಳು, ಇಲ್ಲಾಂದ್ರೆ ದುಬಾರಿ ಖಾಸಗಿ, ಡೀಮ್ಡ್ ಸೀಟು. ಮಗು ಒಳ್ಳೇ ಅಂಕ ತೆಗೆದ್ರೂ ಎರಡು ರಾಜ್ಯದಲ್ಲೂ ಹೊರಗಿನವರು.

ಹಾಗಾಗಿ 5ನೇ ಕ್ಲಾಸಿನ ಕೊನೆಗೆ ಒಂದ್ಸಲ, 10ರ ಕೊನೆಗೆ ಇನ್ನೊಂದ್ಸಲ ಕೂತು ಲೆಕ್ಕ ಹಾಕಿ. ಊರಿಗೆ ಹೋದಾಗ ನೀವು ಓದಿದ ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ತಗೊಂಡು, ಬಿಇಒ ಸಹಿ ಹಾಕಿಸಿ ಇಟ್ಕೊಳ್ಳಿ. ನಿಯಮ ಬದಲಾಗ್ತಾ ಇರುತ್ತೆ, ಆಯಾ ವರ್ಷದ ಕೆಇಎ ಮತ್ತು ತಮಿಳುನಾಡಿನ ಮಾಹಿತಿ ಪುಸ್ತಕ ಎರಡನ್ನೂ ಓದಿ. ಕೋಚಿಂಗ್ ಫೀಸು ಕಟ್ಟೋದು ಆಮೇಲೆ.