ಬೇಸಿಗೆಯ ಮೇವಿನ ಲೆಕ್ಕ ಮಳೆಗಾಲದಲ್ಲೇ ಆಗಲಿ



2023ರ ಬರಗಾಲವನ್ನು ನೀವು ಮರೆತಿರಲಾರಿರಿ. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದ ವರ್ಷ ಅದು. ಆಗೊಂದು ಸಂಜೆ ಫೋನ್ ಬಂತೆಂದು ಒಬ್ಬ ರೈತರ ಮನೆಗೆ ಓಡಿದೆ. ಹುಲ್ಲಿನ ಬಣವೆ ಮುಗಿದಿತ್ತು. ಬಾಡಿದ ಎಳೆ ಜೋಳವನ್ನೇ ಕೊಯ್ದು ಹಾಕಿದ್ದರು. ಒಂದು ಹಸು ಆಗಲೇ ಸತ್ತಿತ್ತು. ಇನ್ನೊಂದು ಚುಚ್ಚುಮದ್ದಿಗೆ ಉಳಿಯಿತು. ನೀರಿಲ್ಲದೆ ಕುಂಠಿತವಾದ ಎಳೆ ಜೋಳದಲ್ಲಿ, ಕೂಳೆ ಚಿಗುರಿನಲ್ಲಿ ಸಯನೈಡ್ ವಿಷವಿರುತ್ತದೆ. ಅದು ಅವರಿಗೂ ಗೊತ್ತಿತ್ತು. "ಇನ್ನೇನು ಹಾಕಲಿ ಡಾಕ್ಟ್ರೇ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಆ ಪ್ರಶ್ನೆಗೆ ಒಂದು ಮನೆ, ಒಂದು ಊರು ಉತ್ತರ ಕೊಡಲಾಗದು. ನಮ್ಮ ಜಿಲ್ಲೆಯಲ್ಲೇ ನೋಡಿ: ವಿಶ್ವೇಶ್ವರಯ್ಯ ನಾಲೆಯ ನೀರು ಕಾಣುವ ಮದ್ದೂರು ಒಂದೆಡೆ, ಹೆಚ್ಚಾಗಿ ಮಳೆಯನ್ನೇ ನಂಬಿದ ನಾಗಮಂಗಲ ಇನ್ನೊಂದೆಡೆ. ನೀರಿದ್ದವರು ಮೇವು ಬೆಳೆಯಬೇಕು, ಇಲ್ಲದವರು ಮೊದಲೇ ಬೆಲೆ ಮಾತಾಡಿ ಕಾದಿರಿಸಬೇಕು. ಆದರೆ 2023ರಲ್ಲಿ ಕೆ.ಆರ್.ಎಸ್. ಕೂಡ ತುಂಬಲಿಲ್ಲ. ಹಾಗಾಗಿ ನಾಲೆಯೊಂದನ್ನೇ ನಂಬಿ ಕೂರುವಂತಿಲ್ಲ. ಒಳ್ಳೆ ಮಳೆಯಾದ ವರ್ಷವೇ ರಸಮೇವು ಮಾಡಿ ಕೂಡಿಡಬೇಕು. ಗಾಳಿಯಾಡದಂತೆ ಮುಚ್ಚಿದ ರಸಮೇವು ವರ್ಷಕ್ಕೂ ಮೇಲ್ಪಟ್ಟು ಕೆಡದೆ ಉಳಿಯುತ್ತದೆ.

ಲೆಕ್ಕ ಸುಲಭ. ಹಸುವೊಂದಕ್ಕೆ ದಿನಕ್ಕೆ 15 ಕಿಲೋದಂತೆ 120 ದಿನಕ್ಕೆ 1,800 ಕಿಲೋ. ಹಾಳಾಗುವುದನ್ನೂ ಸೇರಿಸಿ 2 ಟನ್ ಎನ್ನಿ. ಎಕರೆಗೆ 15 ಟನ್ ಹಸಿಮೇವು ಬಂದರೂ ಏಳು ಹಸುಗಳ ಬೇಸಿಗೆ ಕಳೆಯುತ್ತದೆ. ಮುಸುಕಿನ ಜೋಳವನ್ನು ಸೆಪ್ಟೆಂಬರಿನಲ್ಲಿ ಬಿತ್ತಿ, ತೆನೆಯ ಹಾಲು ಗಟ್ಟಿಯಾಗುವಾಗ ಕೊಯ್ದು, ಕತ್ತರಿಸಿ, ಗಾಳಿ ಹೋಗುವಂತೆ ತುಳಿದು ಮುಚ್ಚಿದರೆ 45 ದಿನಕ್ಕೆ ಸಿದ್ಧ.

ಈ ಬಾರಿಯ ವಾರ್ಷಿಕ ಸರ್ವಸದಸ್ಯರ ಸಭೆಯಲ್ಲಿ ಮೂರು ವಿಷಯ ಇಡಿ:

1. ನಿಮ್ಮ ಸಂಘದಲ್ಲಿ ಎಷ್ಟು ರಾಸುಗಳಿವೆ, ಬೇಸಿಗೆಗೆ ಎಷ್ಟು ಟನ್ ಮೇವು ಸಾಲದು ಎಂಬ ಪಟ್ಟಿ.
2. ಅಕ್ಕಪಕ್ಕದ ನಾಲ್ಕೈದು ಸಂಘಗಳು ಸೇರಿ ನೀರಾವರಿ ಊರಿನ ಸಂಘದೊಂದಿಗೆ ಬರವಣಿಗೆಯ ಒಪ್ಪಂದ. ಮೇವಿನ ಹಣವನ್ನು ಹಾಲಿನ ಬಟವಾಡೆಯಲ್ಲಿ ಕಂತಾಗಿ ಹಿಡಿದುಕೊಳ್ಳಬಹುದು.
3. ಜಿಲ್ಲೆಯಲ್ಲೇ ಮೇವು ಸಾಲದಿದ್ದರೆ, ಭತ್ತದ ಹುಲ್ಲು ಹೆಚ್ಚಿರುವ ಬೇರೆ ಜಿಲ್ಲೆಗಳ ಒಕ್ಕೂಟಗಳೊಡನೆ ಕೊಯ್ಲಿಗೆ ಮುಂಚೆಯೇ ಮಾತಾಡುವಂತೆ ನಮ್ಮ ಒಕ್ಕೂಟಕ್ಕೆ ಠರಾವು.

ಒಬ್ಬೊಬ್ಬರ ಹಾಲನ್ನು ಒಂದೇ ಕ್ಯಾನಿಗೆ ಸುರಿದು ಮಾರುಕಟ್ಟೆ ಗೆದ್ದವರು ನಾವು. ಮೇವಿಗೂ ಅದೇ ದಾರಿ. ಮುಂದಿನ ಬರದಲ್ಲಿ ಯಾರಾದರೂ ನನ್ನನ್ನು "ಇನ್ನೇನು ಹಾಕಲಿ?" ಎಂದು ಕೇಳಿದರೆ, "ನಿಮ್ಮ ಡೈರಿಯಲ್ಲಿ ನಿಮ್ಮ ಪಾಲಿನ ಮೇವಿದೆ, ತನ್ನಿ" ಎನ್ನುವಂತಾಗಲಿ.