ಶ್ವಾಸಕೋಶದ ಕ್ಯಾನ್ಸರ್ ಪತ್ತೆಗೆ ಅಂತರ್ದರ್ಶಕದ ನೆರವು

ಬಿಡದೆ ಕಾಡುವ ಕೆಮ್ಮು, ಕಫದಲ್ಲಿ ರಕ್ತ, ಎದೆನೋವು, ದಿನೇ ದಿನೇ ಇಳಿಯುವ ದೇಹತೂಕ - ಇವು ಕ್ಷಯರೋಗದ ಲಕ್ಷಣಗಳೆಂಬುದು ಬಹುಜನರಿಗೆ ತಿಳಿದಿದೆ. ಆದರೆ ಶ್ವಾಸಕೋಶದ ಕ್ಯಾನ್ಸರಿನಲ್ಲಿಯೂ ಇವೇ ಲಕ್ಷಣಗಳು ಕಾಣಿಸಿಕೊಳ್ಳಬಹುದು. ಎದೆಯ ಕ್ಷ-ಕಿರಣ ಚಿತ್ರದಲ್ಲಿಯೂ ಎರಡು ರೋಗಗಳ ನೆರಳು ಕೆಲವೊಮ್ಮೆ ಒಂದೇ ಬಗೆಯಾಗಿರುತ್ತದೆ. ಕ್ಷಯವೆಂದು ಭಾವಿಸಿ ತಿಂಗಳುಗಟ್ಟಲೆ ಔಷಧಿ ಸೇವಿಸುತ್ತಿರುವಾಗಲೇ ಕ್ಯಾನ್ಸರ್ ಹರಡಿ, ಶಸ್ತ್ರಚಿಕಿತ್ಸೆಯ ಅವಕಾಶ ಕೈತಪ್ಪಿಹೋಗುವುದುಂಟು. ಆದುದರಿಂದ ಸಂದೇಹವಿದ್ದಲ್ಲಿ ರೋಗವಿರುವ ಜಾಗದಿಂದಲೇ ಅಂಗಾಂಶದ ಚೂರನ್ನು ತೆಗೆದು ಪರೀಕ್ಷಿಸುವುದು ಅವಶ್ಯಕ. ಇದಕ್ಕೆ ನೆರವಾಗುವ ಮುಖ್ಯ ಸಾಧನ ಬ್ರಾಂಕೋಸ್ಕೋಪ್, ಅಂದರೆ ಶ್ವಾಸನಾಳದ ಅಂತರ್ದರ್ಶಕ.

ಬೆಳೆದುಬಂದ ಬಗೆ

1897ರಲ್ಲಿ ಜರ್ಮನಿಯ ವೈದ್ಯ ಗುಸ್ತಾಫ್ ಕಿಲಿಯಾನ್ ಅವರು ಗಡುಸಾದ ನಳಿಕೆಯೊಂದರ ಮೂಲಕ ರೋಗಿಯ ಶ್ವಾಸನಾಳದಲ್ಲಿ ಸಿಕ್ಕಿಕೊಂಡಿದ್ದ ಎಲುಬಿನ ಚೂರನ್ನು ಹೊರತೆಗೆದರು. 1960ರ ದಶಕದಲ್ಲಿ ಜಪಾನಿನ ಶಿಗೆಟೊ ಇಕೆಡಾ ಅವರು ಗಾಜಿನ ನವಿರಾದ ಎಳೆಗಳನ್ನು ಬಳಸಿ, ಬೇಕಾದತ್ತ ಬಾಗುವ ಬ್ರಾಂಕೋಸ್ಕೋಪನ್ನು ರೂಪಿಸಿದರು. ಇಂದಿನ ಅನೇಕ ಉಪಕರಣಗಳ ತುದಿಯಲ್ಲಿ ಪುಟ್ಟ ಕ್ಯಾಮೆರಾ ಇರುತ್ತದೆ. ಶ್ವಾಸನಾಳದ ಒಳನೋಟ ಪರದೆಯ ಮೇಲೆ ಮೂಡುತ್ತದೆ.

ಹೊಸ ವಿಧಾನಗಳು

ಸಾಮಾನ್ಯ ಬೆಳಕಿನಲ್ಲಿ ಆರಂಭದ ಹಂತದ ಬದಲಾವಣೆಗಳು ಕಣ್ಣಿಗೆ ಬೀಳದಿರಬಹುದು. ನೀಲಿ ಬೆಳಕನ್ನು ಹಾಯಿಸುವ ವಿಶೇಷ ವಿಧಾನದಲ್ಲಿ ಆರೋಗ್ಯವಂತ ಒಳಪೊರೆ ಹಸಿರಾಗಿ ಹೊಳೆಯುತ್ತದೆ. ವಿಕಾರಗೊಂಡ ಭಾಗ ಮಂಕಾಗಿ, ಕೆಂಗಂದು ಛಾಯೆಯಲ್ಲಿ ತೋರುತ್ತದೆ. ಆಯ್ದ ನೀಲಿ ಮತ್ತು ಹಸಿರು ಕಿರಣಗಳನ್ನು ಮಾತ್ರ ಬಳಸುವ ಇನ್ನೊಂದು ವಿಧಾನದಲ್ಲಿ ಒಳಪೊರೆಯ ಸೂಕ್ಷ್ಮ ರಕ್ತನಾಳಗಳು ಸ್ಪಷ್ಟವಾಗಿ ಗೋಚರಿಸುತ್ತವೆ.

ಶ್ವಾಸನಾಳದ ಗೋಡೆಯ ಆಚೆಗಿರುವ ದುಗ್ಧಗ್ರಂಥಿಗಳನ್ನು ಯಾವ ಬೆಳಕೂ ತೋರಿಸಲಾರದು. ಇದಕ್ಕಾಗಿ ಉಪಕರಣದ ತುದಿಯಲ್ಲಿ ಅಲ್ಟ್ರಾಸೌಂಡ್ ಸಾಧನವನ್ನು ಅಳವಡಿಸಲಾಗಿದೆ. ಅದು ತೋರಿಸುವ ಚಿತ್ರವನ್ನು ನೋಡುತ್ತಲೇ ವೈದ್ಯರು ಗ್ರಂಥಿಯೊಳಗೆ ಸೂಜಿ ಚುಚ್ಚಿ ಜೀವಕೋಶಗಳನ್ನು ಸಂಗ್ರಹಿಸುತ್ತಾರೆ. ಹಿಂದೆ ಇದಕ್ಕೆ ಕತ್ತಿನ ಬುಡದಲ್ಲಿ ಕೊಯ್ದು ಶಸ್ತ್ರಕ್ರಿಯೆ ನಡೆಸಬೇಕಾಗಿತ್ತು. ಈಗ ಅನೇಕರಿಗೆ ಅದರ ಅಗತ್ಯ ಬೀಳುವುದಿಲ್ಲ. ರೋಗ ಎಲ್ಲಿಯವರೆಗೆ ಹರಡಿದೆ, ಶಸ್ತ್ರಚಿಕಿತ್ಸೆ ಸಾಧ್ಯವೇ ಎಂಬುದನ್ನು ನಿರ್ಧರಿಸಲು ಈ ಪರೀಕ್ಷೆ ಸಹಾಯಕ.

ಮಿತಿಗಳು

ಬಣ್ಣದ ಬದಲಾವಣೆ ಕಂಡಮಾತ್ರಕ್ಕೆ ಕ್ಯಾನ್ಸರ್ ಎನ್ನುವಂತಿಲ್ಲ. ಉರಿಯೂತದಲ್ಲಿಯೂ ಹಾಗೆ ಕಾಣಬಹುದು. ಅಂತರ್ದರ್ಶಕ ಚೂರನ್ನು ಎಲ್ಲಿಂದ ತೆಗೆಯಬೇಕೆಂದು ತೋರಿಸುತ್ತದೆ. ನಿರ್ಣಯ ಸೂಕ್ಷ್ಮದರ್ಶಕದ ಕೆಳಗೆ ಆಗುತ್ತದೆ. ಕ್ಯಾನ್ಸರ್ ಖಚಿತವಾದರೆ, ಅದೇ ಚೂರಿನಲ್ಲಿ ಜೀನುಗಳ ಬದಲಾವಣೆಯನ್ನು ಪರೀಕ್ಷಿಸಿ ಕೆಲವು ರೋಗಿಗಳಿಗೆ ತಕ್ಕ ಮಾತ್ರೆಗಳನ್ನು ಆರಿಸಬಹುದು. ಗಡ್ಡೆ ಶ್ವಾಸಕೋಶದ ಅಂಚಿನಲ್ಲಿದ್ದರೆ ಸಿ.ಟಿ. ಸ್ಕ್ಯಾನಿನ ನೆರವಿನಿಂದ ಹೊರಗಿನಿಂದಲೇ ಸೂಜಿ ಹಾಕಬೇಕಾಗಬಹುದು.

ರೋಗಿಗಳು ತಿಳಿದಿರಬೇಕಾದುದು

ಪರೀಕ್ಷೆಗೆ ಮುನ್ನ ಕೆಲವು ಗಂಟೆ ಉಪವಾಸವಿರಬೇಕು. ಗಂಟಲನ್ನು ಮರಗಟ್ಟಿಸಿ, ಅಗತ್ಯವಿದ್ದರೆ ಮಂಪರು ಬರುವ ಔಷಧಿ ನೀಡಿ, ಮೂಗು ಅಥವಾ ಬಾಯಿಯ ಮೂಲಕ ನಳಿಕೆಯನ್ನು ಇಳಿಸುತ್ತಾರೆ. ಬಹುಪಾಲು ಜನರು ಅದೇ ದಿನ ಮನೆಗೆ ಮರಳಬಹುದು. ರಕ್ತವನ್ನು ತೆಳುವಾಗಿಸುವ ಮಾತ್ರೆ ಸೇವಿಸುವವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.

ಕೆಮ್ಮು ಎರಡು ವಾರ ಮೀರಿದರೆ ಕಫ ಪರೀಕ್ಷೆ ಮಾಡಿಸಿಕೊಳ್ಳಬೇಕು. ಕ್ಷಯದ ರೋಗಾಣು ಕಾಣದಿದ್ದರೆ ಅಥವಾ ಔಷಧಿಯಿಂದ ಗುಣ ಕಾಣದಿದ್ದರೆ, ವಿಶೇಷವಾಗಿ ಬೀಡಿ, ಸಿಗರೇಟು ಸೇದುವವರು, ತಡಮಾಡದೆ ತಜ್ಞರನ್ನು ಕಾಣುವುದು ಒಳಿತು. ಆದರೆ ಕ್ಷಯದ ಔಷಧಿಯನ್ನು ತಾವಾಗಿಯೇ ನಿಲ್ಲಿಸಬಾರದು. ಧೂಮಪಾನ ಮಾಡದವರಿಗೂ ಈ ಕ್ಯಾನ್ಸರ್ ಬರಬಹುದೆಂಬುದನ್ನು ಮರೆಯಬಾರದು.